ಪಂಚನಹಳ್ಳಿ ಸೀಮೆಯ ಸ್ಪೀಕರ್ ಪೆಟ್ಟಿಗೆಗಳು

ಸ್ಪೀಕರ್ ಎಂಬ ಉಪಕರಣದಲ್ಲಿ ಅಯಸ್ಕಾಂತ, ತಂತಿಸುರುಳಿ, ಕಾಗದದ ಶಂಕು ಇವು ಎಷ್ಟು ಮುಖ್ಯವೋ ಅವುಗಳನ್ನು ಹೊತ್ತು ನಿಂತ ಮರದ ಪೆಟ್ಟಿಗೆಯೂ ಅಷ್ಟೇ ಮುಖ್ಯವೆಂಬ ತಿಳಿವಳಿಕೆ ಹೊರದೇಶಗಳ ಪ್ರಯೋಗಾಲಯಗಳಲ್ಲಿ ಗಣಿತವಾಗಿ ಬೆಳೆಯಿತು. ಕಡೂರು ತಾಲ್ಲೂಕಿನ ಪೂರ್ವದ ಅಂಚಿನಲ್ಲಿರುವ ಪಂಚನಹಳ್ಳಿಯಂಥ ಹೋಬಳಿ ಊರುಗಳಲ್ಲಿ ಅದೇ ತಿಳಿವಳಿಕೆ ಬಡಗಿಯ ಕೊಟ್ಟಿಗೆಗೂ ರೇಡಿಯೊ ರಿಪೇರಿ ಅಂಗಡಿಗೂ ನಡುವಿನ ಓಡಾಟದಲ್ಲಿ, ಅರ್ಧ ಊಹೆಯಾಗಿ, ಅರ್ಧ ಕೈಗೆಲಸವಾಗಿ ಬೆಳೆಯಿತು. ಈ ಬರಹ ನೆಚ್ಚಿಕೊಂಡಿರುವುದು 1980ರ ದಶಕದ ನಡುಭಾಗದಿಂದ 2000ದ ದಶಕದ ಕೊನೆಯವರೆಗೆ ಆ ಸೀಮೆಯ ಮನೆಗಳಲ್ಲಿ ಕಂಡು ಕೇಳಿದ ಪೆಟ್ಟಿಗೆಗಳ ನೆನಪನ್ನು. ಯಾರೂ ಬರೆದಿಡದ, ಪೆನ್ಸಿಲ್ ಗುರುತುಗಳಾಗಿ ಹಲಗೆಯ ಒಳಮೈಯಲ್ಲಷ್ಟೇ ಉಳಿದ ಕಸುಬಾದ್ದರಿಂದ ಇದಕ್ಕೆ ನೆನಪಲ್ಲದೆ ಬೇರೆ ಆಕರವೂ ಕಡಿಮೆ. ಆ ನೆನಪನ್ನು ಇಂದು ಪುಸ್ತಕದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಪೆಟ್ಟಿಗೆಯ ಬಿಗಿ, ಗಡಸುತನ, ಮೇಲ್ಮೈಯ ಮೆರುಗು ಇವುಗಳಲ್ಲಿ ಹಳ್ಳಿಯ ಬಡಗಿ ಕಾರ್ಖಾನೆಗಿಂತ ಮುಂದಿದ್ದ, ಪೆಟ್ಟಿಗೆಯೊಳಗೆ ಎಷ್ಟು ಗಾಳಿ ಇರಬೇಕೆಂಬ ಒಂದೇ ಒಂದು ಪ್ರಶ್ನೆಗೆ ಮಾತ್ರ ಅವನ ಬಳಿಯಾಗಲಿ ಮೆಕ್ಯಾನಿಕ್ಕಿನ ಬಳಿಯಾಗಲಿ ಉತ್ತರವಿರಲಿಲ್ಲ.

ಪೆಟ್ಟಿಗೆ ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು. ವಿದ್ಯುತ್ ಹರಿದಾಗ ಶಂಕು ಮುಂದಕ್ಕೆ ನೂಕಿದರೆ ಎದುರಿನ ಗಾಳಿ ಒತ್ತಡಕ್ಕೊಳಗಾಗುತ್ತದೆ, ಅದೇ ಕ್ಷಣದಲ್ಲಿ ಹಿಂಬದಿಯ ಗಾಳಿ ಸಡಿಲಗೊಳ್ಳುತ್ತದೆ. ಸ್ಪೀಕರ್ ಬರಿದಾಗಿದ್ದರೆ ಮುಂದಿನ ಒತ್ತಡ ಅಂಚನ್ನು ಬಳಸಿ ಹಿಂದಿನ ಸಡಿಲಕ್ಕೆ ಹೋಗಿ ಸೇರಿ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಕೀರಲು ಸ್ವರಗಳ ಅಲೆ ಚಿಕ್ಕದಾದ್ದರಿಂದ ಅವು ಈ ನಷ್ಟದಿಂದ ಬಹುಮಟ್ಟಿಗೆ ಪಾರಾಗುತ್ತವೆ, ಆದರೆ ಸೆಕೆಂಡಿಗೆ 40 ಸಲ ಕಂಪಿಸುವ, ಅಂದರೆ 40 ಹರ್ಟ್ಸ್‌ನ ಮಂದ್ರಸ್ವರದ ಒಂದು ಅಲೆ ಸುಮಾರು 8.6 ಮೀಟರ್ ಉದ್ದವಿರುವುದರಿಂದ, ಎಂಟು ಇಂಚಿನ ತಗಡಿನ ಚೌಕಟ್ಟು ಅದನ್ನು ತಡೆಯಲಾರದು. ಮೇಜಿನ ಮೇಲೆ ಬರಿದಾಗಿ ಇಟ್ಟ ಸ್ಪೀಕರಿನಲ್ಲಿ ತಬಲಾದ ಎಡಗೈ ಕೇಳಿಸದೆ ಬಲಗೈ ಮಾತ್ರ ಟಿಕಟಿಕ ಎನ್ನುವುದಕ್ಕೆ ಕಾರಣ ಇದೇ. ಹಿಂದಿನ ಗಾಳಿಯನ್ನು ಮುಂದಿನದರಿಂದ ಬೇರ್ಪಡಿಸುವ ಯಾವುದೇ ತಡೆಯೂ, ಅದು ಗೋಡೆಯಾಗಲಿ, ಹಲಗೆಯಾಗಲಿ, ಮಡಕೆಯಾಗಲಿ, ಆ ಎಡಗೈಯನ್ನು ಮರಳಿ ತರುತ್ತದೆ.

ಮಡಕೆಯ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ತಂದದ್ದಲ್ಲ. ಮರದ ಪೆಟ್ಟಿಗೆ ಮಾಡಿಸಲು ಕೈಯಲ್ಲಿ ಕಾಸಿಲ್ಲದ ಹುಡುಗರು ನಮ್ಮ ಹಳ್ಳಿಗಾಡಿನಲ್ಲೆಲ್ಲ ಮಾಡಿದ ಮೊದಲ ಪ್ರಯೋಗವೇ ಬಾಯಗಲದ ಮಡಕೆಯ ಮೇಲೆ ಸ್ಪೀಕರನ್ನು ಬೋರಲು ಹಾಕುವುದು. ಪಂಚನಹಳ್ಳಿ ಸೀಮೆಯಲ್ಲೂ ಹಳೆಯ ಗುಡಾಣಗಳ ಬಾಯಿಗೆ ಐದು ಇಂಚಿನ ಸ್ಪೀಕರನ್ನು ಕೂರಿಸಿ, ಸಂದಿಗೆ ಹತ್ತಿಯನ್ನೋ ಹಳೆಯ ಸೈಕಲ್ ಟ್ಯೂಬಿನ ತುಂಡನ್ನೋ ತುರುಕಿ, ಹಗೇವಿನಿಂದ ಬಂದಂತಹ ದಪ್ಪ ದನಿಯನ್ನು ಕೇಳಿ ಮೆಚ್ಚಿದ್ದುಂಟು. ಶಾಸ್ತ್ರದ ಕಣ್ಣಿನಿಂದ ನೋಡಿದರೆ ಮಡಕೆ ಕೆಟ್ಟ ಪೆಟ್ಟಿಗೆಯೇನಲ್ಲ. ಅದರ ಗೋಡೆ ಬಾಗಿರುವುದರಿಂದ ಗಡಸು, ಎದುರುಬದುರಾದ ಸಮತಲಗಳಿಲ್ಲದ್ದರಿಂದ ಒಳಗಿನ ಅಲೆಗಳು ಒಂದೇ ಹಾದಿಯಲ್ಲಿ ಹಿಂದುಮುಂದಾಗಿ ನಿಂತು ಮೊರೆಯುವುದು ಕಡಿಮೆ. ಕೊರತೆಯೆಂದರೆ ಅದರಲ್ಲಿ ಒಂದೇ ಒಂದು ಸ್ವರ ಮಿಕ್ಕೆಲ್ಲದಕ್ಕಿಂತ ಹೆಚ್ಚಾಗಿ ಗುಂಯ್‌ಗುಡುತ್ತದೆ, ಆದ್ದರಿಂದ ಯಾವ ಹಾಡು ಹಾಕಿದರೂ ಡೋಲು ಒಂದೇ ಶ್ರುತಿಯಲ್ಲಿ ಬಡಿದಂತಾಗುತ್ತದೆ. ಆ ಒಂದು ಸ್ವರವನ್ನು ಪಳಗಿಸಿ ಬೇಕಾದ ಜಾಗಕ್ಕೆ ತರುವುದೇ ಪೆಟ್ಟಿಗೆ ಕಟ್ಟುವ ವಿದ್ಯೆಯ ತಿರುಳು.

ಈ ವಿದ್ಯೆಯ ಚರಿತ್ರೆಯನ್ನು ಚುಟುಕಾಗಿ ಹೇಳಬಹುದು. ಇಂದಿಗೂ ಬಳಕೆಯಲ್ಲಿರುವ ಬಗೆಯ ಸ್ಪೀಕರಿಗೆ ಗಟ್ಟಿ ರೂಪ ಕೊಟ್ಟವರು ಅಮೆರಿಕದ ರೈಸ್ ಮತ್ತು ಕೆಲಾಗ್, 1925ರಲ್ಲಿ. ಪೆಟ್ಟಿಗೆಗೆ ತೂತು ಕೊರೆದು, ಹಿಂದಿನ ಗಾಳಿಯನ್ನೂ ಮುಂದಿನ ದನಿಗೆ ಸಹಾಯಕವಾಗಿ ದುಡಿಸಿಕೊಳ್ಳುವ ವಿಧಾನಕ್ಕೆ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದ. ತೂತೇ ಇಲ್ಲದೆ ಪೂರ್ತಿ ಮುಚ್ಚಿದ ಚಿಕ್ಕ ಪೆಟ್ಟಿಗೆಯಿಂದಲೂ ಆಳದ ದನಿ ಬರುವುದೆಂದು ಎಡ್ಗರ್ ವಿಲ್ಚರ್ 1954ರಲ್ಲಿ ತೋರಿಸಿದ. ಆದರೆ ಇವೆಲ್ಲವನ್ನೂ ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದಾದ ಸೂತ್ರಗಳಿಗೆ ಇಳಿಸಿದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು. ನೆವಿಲ್ ಥೀಲ್ 1961ರಲ್ಲಿ ಬರೆದ ಪ್ರಬಂಧವನ್ನೂ ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲಲ್ಲಿ ಬರೆದ ಲೇಖನಗಳನ್ನೂ ಆಧರಿಸಿದ ಲೆಕ್ಕದಲ್ಲಿ, ಸ್ಪೀಕರಿನ ಸಹಜ ಕಂಪನ, ಅದರ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ, ಕಂಪನ ಎಷ್ಟು ಬೇಗ ತಣ್ಣಗಾಗುತ್ತದೆ ಎಂಬ ಅಳತೆ, ಈ ಮೂರು ಅಂಕಿ ತಿಳಿದರೆ ಪೆಟ್ಟಿಗೆಯ ಗಾತ್ರ ತಾನಾಗಿ ಹೊರಬೀಳುತ್ತದೆ. ತಾಲ್ಲೂಕು ಪೇಟೆಗಳ ಅಂಗಡಿಗೆ ಬರುತ್ತಿದ್ದ ಸ್ಪೀಕರುಗಳ ರಟ್ಟಿನ ಡಬ್ಬದ ಮೇಲೆ ಇಂಚು, ಓಮ್, ವಾಟ್ ಇವಷ್ಟೇ ಅಚ್ಚಾಗಿರುತ್ತಿದ್ದವು; ಬೇಕಾಗಿದ್ದ ಆ ಮೂರು ಅಂಕಿಗಳಲ್ಲಿ ಒಂದೂ ಇರುತ್ತಿರಲಿಲ್ಲ.

ಆ ಸೀಮೆಯ ಕಿವಿ ಹದಗೊಂಡದ್ದು ರೇಡಿಯೊದಿಂದ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವಾಟ್‌ನ ಪ್ರೇಷಕದಲ್ಲಿ ಪ್ರಸಾರ ಆರಂಭಿಸಿದ್ದನ್ನು, ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂದದ್ದನ್ನು ನೆನೆದರೆ, ಮನೆಯಲ್ಲೇ ಕಟ್ಟಿಕೊಳ್ಳುವ ಹಂಬಲಕ್ಕೆ ಈ ನಾಡಿನಲ್ಲಿ ಹಳೆಯ ಬೇರುಂಟೆಂದು ಹೇಳಬಹುದು. ಕಡೂರು, ತರೀಕೆರೆ, ಅಜ್ಜಂಪುರದ ಕಡೆಗೆ ಗಟ್ಟಿಯಾಗಿ ಕೇಳುತ್ತಿದ್ದದ್ದು 1965ರಲ್ಲಿ ಶುರುವಾದ ಭದ್ರಾವತಿ ಕೇಂದ್ರ, 675 ಕಿಲೋಹರ್ಟ್ಸ್‌ನಲ್ಲಿ. ಮಧ್ಯಮ ತರಂಗದ ಪ್ರಸಾರದಲ್ಲಿ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಸ್ವರಗಳು ಹೆಚ್ಚುಕಡಿಮೆ ಇರುವುದೇ ಇಲ್ಲವಾದ್ದರಿಂದ, ವಾರ್ತೆ, ಕೃಷಿರಂಗ, ನಾಟಕ ಕೇಳಿ ಬೆಳೆದ ಮಂದಿಗೆ ಒಳ್ಳೆಯ ದನಿಯೆಂದರೆ ದುಂಡನೆಯ, ಎದೆಯಿಂದ ಬರುವ ಮಾತಿನ ದನಿ. ಆಮೇಲೆ ಕ್ಯಾಸೆಟ್ಟುಗಳು ಬಂದವು. 1978ರಲ್ಲಿ ಹೊರಬಂದ, ನಿಸಾರ್ ಅಹಮದ್ ಅವರ ಗೀತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿಯ ಹಿಂದೆ ಭಾವಗೀತೆಗಳ ಸಾಲೇ ಹರಿದುಬಂದು, ಕೊಳಲು, ಗೆಜ್ಜೆ, ಉಸಿರು ಇವೆಲ್ಲ ಕೇಳಬೇಕಾದ ವಸ್ತುಗಳಾದವು. ಒಂದೇ ಸ್ಪೀಕರಿನ ಪೆಟ್ಟಿಗೆಯಲ್ಲಿ ಇವು ಕೇಳುವುದಿಲ್ಲ ಎಂಬ ಅತೃಪ್ತಿಯಿಂದಲೇ ಎರಡು ಪೆಟ್ಟಿಗೆಗಳ ಸ್ಟೀರಿಯೊ ಜೊತೆ, ಪ್ರತಿ ಪೆಟ್ಟಿಗೆಯಲ್ಲಿ ದಪ್ಪ ದನಿಗೊಂದು ವೂಫರ್, ಸಣ್ಣ ದನಿಗೊಂದು ಟ್ವೀಟರ್ ಎಂಬ ಏರ್ಪಾಡು ಹಳ್ಳಿಗೂ ಇಳಿಯಿತು.

ಬಿಡಿಭಾಗಗಳಿಗಾಗಿ ಕಡೂರಿನಲ್ಲೋ ಅರಸೀಕೆರೆಯಲ್ಲೋ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವುದು ಆಗಿನ ವಾಡಿಕೆ. ಸಾದರ ಪತ್ರಪ್ಪನವರ ಹೆಸರಿನ ಆ ಇಕ್ಕಟ್ಟಾದ ಬೀದಿಯಲ್ಲಿ 4440 ಎಂಬ ಐ.ಸಿ.ಯ ಬೋರ್ಡು, ಟ್ರಾನ್ಸ್‌ಫಾರ್ಮರು, ವೂಫರು, ಟ್ವೀಟರು ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತಿದ್ದವು. ಹಲಗೆ ಮಾತ್ರ ಊರಿನದೇ. ಮಳೆನೆರಳಿನ ಈ ಬಯಲಿನಲ್ಲಿ ತೆಂಗು, ಅಡಿಕೆ ಬಿಟ್ಟರೆ ಮರದ ಕೆಲಸಕ್ಕೆ ಒದಗುವುದು ಹಲಸು, ಬೇವು, ಮಾವು. ತೇಗ, ಹೊನ್ನೆ ಬೇಕೆಂದರೆ ತರೀಕೆರೆ, ಲಕ್ಕವಳ್ಳಿಯ ಮಲೆನಾಡಿನ ಕಡೆ ನೋಡಬೇಕು. ವೀಣೆಯ ಕೊಡಕ್ಕೂ ಮೃದಂಗದ ಕಳಸಕ್ಕೂ ಹಲಸನ್ನೇ ಆರಿಸುವುದು ಗೊತ್ತಿದ್ದ ಆಚಾರ್ರುಗಳು ಸ್ಪೀಕರಿಗೂ ಹಲಸೇ ಶ್ರೇಷ್ಠವೆಂದು ವಾದಿಸುತ್ತಿದ್ದರು. ವಾದ ಕೇಳಲು ಸೊಗಸಾಗಿದ್ದರೂ ತಿರುಗುಮುರುಗು: ವೀಣೆಯ ಕೊಡ ತಾನೇ ನುಡಿಯಬೇಕಾದ ವಸ್ತು, ಸ್ಪೀಕರ್ ಪೆಟ್ಟಿಗೆ ತೆಪ್ಪಗಿರಬೇಕಾದ ವಸ್ತು. ಹಲಗೆ ತಾನೂ ಕಂಪಿಸಿ ದನಿಗೆ ದನಿ ಸೇರಿಸಿತೆಂದರೆ ಹಾಡುಗಾರನ ಕಂಠಕ್ಕೆ ಪೆಟ್ಟಿಗೆಯ ಕಂಠ ಬೆರೆಯುತ್ತದೆ.

ಇಡಿ ಹಲಗೆಗೆ ಇನ್ನೊಂದು ತೊಡಕು ಇತ್ತು. ಮರ ತನ್ನ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗದೆ, ಅಡ್ಡಕ್ಕೆ ಮಾತ್ರ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುವುದರಿಂದ, ಜಡಿಮಳೆಯ ತಿಂಗಳಲ್ಲಿ ಕಟ್ಟಿದ ಪೆಟ್ಟಿಗೆ ಮಾರ್ಚಿ ಏಪ್ರಿಲ್ಲಿನ ಬಿಸಿಲಿಗೆ ಬಾಯಿ ಬಿಡುತ್ತಿತ್ತು. ಒಂದು ಪದರದ ಎಳೆ ಉದ್ದಕ್ಕೂ ಮುಂದಿನ ಪದರದ ಎಳೆ ಅಡ್ಡಕ್ಕೂ ಇರುವಂತೆ ಅಂಟಿಸಿ ಒತ್ತಿದ ಪ್ಲೈವುಡ್ ಈ ಜಗ್ಗಾಟವನ್ನು ತನ್ನೊಳಗೇ ತೀರಿಸಿಕೊಳ್ಳುತ್ತದೆ. ಭಾರತೀಯ ಮಾನಕ ಸಂಸ್ಥೆಯ 303ನೆಯ ಸಂಖ್ಯೆಯ ಮಾನಕ ಸಾಮಾನ್ಯ ಪ್ಲೈವುಡ್ಡಿಗೂ 710ನೆಯದು ನೀರಿಗೆ ಜಗ್ಗದ ಮರೀನ್ ಪ್ಲೈವುಡ್ಡಿಗೂ ಅನ್ವಯಿಸುತ್ತದೆ. ಸ್ಪೀಕರಿಗೆ ಮೊದಲನೆಯದೇ ಸಾಕು. ಎಂಟಡಿಗೆ ನಾಲ್ಕಡಿಯ ಒಂದು ಹಾಳೆಯಲ್ಲಿ ಒಂದು ಜೊತೆ ಪೆಟ್ಟಿಗೆ ಧಾರಾಳವಾಗಿ ಹೊರಡುತ್ತಿತ್ತು, ಉಳಿದ ತುಂಡುಗಳು ಒಳಗಿನ ಅಡ್ಡಪಟ್ಟಿಗಳಾಗುತ್ತಿದ್ದವು.

ಅಡ್ಡಪಟ್ಟಿಯ ವಿಷಯದಲ್ಲಿ ಬಡಗಿಗಳು ಯಾರಿಂದಲೂ ಕಲಿಯಬೇಕಾದ್ದೇನೂ ಇರಲಿಲ್ಲ. ಎತ್ತಿನಗಾಡಿಗೂ ಬಾಗಿಲಿಗೂ ಧಾನ್ಯದ ಪೆಟ್ಟಿಗೆಗೂ ಎಲ್ಲಿ ಬಲ ಕೊಡಬೇಕೆಂದು ಬಲ್ಲ ಕೈ, ಬೆರಳ ಗೆಣ್ಣಿನಿಂದ ಹಲಗೆಯನ್ನು ಕುಟ್ಟಿ, ದನಿ ಎಲ್ಲಿ ಟೊಳ್ಳಾಗುತ್ತದೋ ಅಲ್ಲಿಗೆ ಒಂದು ಪಟ್ಟಿಯನ್ನು ಹೊಡೆಯುತ್ತಿತ್ತು. ಹಲಗೆಯ ನಡುವೆ ಹೀಗೆ ಪಟ್ಟಿ ಬಿದ್ದರೆ ಬಾಗುವ ಅಗಲ ಅರ್ಧವಾಗಿ, ಹಲಗೆಯ ಸ್ವಂತ ಕಂಪನ ಸುಮಾರು ನಾಲ್ಕು ಪಟ್ಟು ಮೇಲಿನ ಸ್ವರಕ್ಕೆ ಏರುತ್ತದೆ, ಅಲ್ಲಿ ಅದು ವೂಫರಿನ ಕೆಲಸಕ್ಕೆ ಅಡ್ಡಬರುವುದು ಕಡಿಮೆ. ಮೂಲೆಗಳಲ್ಲಿ ಒಂದು ಹಲಗೆಯ ಹಲ್ಲು ಇನ್ನೊಂದರ ಸಂದಿಗೆ ಕೂರುವಂತೆ ಕಚ್ಚು ಕಡಿದು, ಫೆವಿಕಾಲ್ ಬಳಿದು, ಹಗ್ಗ ಸುತ್ತಿ ಕೋಲು ತಿರುಪಿ ಬಿಗಿದು ರಾತ್ರಿಯಿಡೀ ಬಿಟ್ಟ ಕಟ್ಟಡವನ್ನು, ಮೊಳೆ ಹೊಡೆದು ಮುಗಿಸಿದ ಪೇಟೆಯ ಪೆಟ್ಟಿಗೆ ಸರಿಗಟ್ಟಲಾರದು. ಸ್ಪೀಕರಿನ ದುಂಡನೆಯ ತೂತಿಗೆ ಯಂತ್ರವಿರಲಿಲ್ಲವಾಗಿ, ಗೆರೆಯ ಒಳಬದಿಗೆ ಬೈರಿಗೆಯಿಂದ ಒತ್ತೊತ್ತಾಗಿ ತೂತು ಕೊರೆದು, ನಡುವಿನ ಬಿಲ್ಲೆಯನ್ನು ಉಳಿಯಿಂದ ಕಡಿದು ಬಿಡಿಸಿ, ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡುತ್ತಿದ್ದರು. ಬಿಗಿ ಸಾಲದ ಜಾಗ ಯಾವುದೆಂದು ತಿಳಿಯಲು ಊದುಬತ್ತಿ ಸಾಕಾಗಿತ್ತು: ದಪ್ಪ ದನಿಯ ಹಾಡು ಹಾಕಿ ಸಂದಿಯ ಉದ್ದಕ್ಕೂ ಬತ್ತಿ ಹಿಡಿದರೆ, ಗಾಳಿ ಸೋರುವಲ್ಲಿ ಹೊಗೆ ನಡುಗುತ್ತದೆ.

ಆಚಾರ್ರು ಕೆಲಸ ಹಿಡಿಯುವ ಮುನ್ನ ಕೇಳುತ್ತಿದ್ದ ಪ್ರಶ್ನೆ ಒಂದೇ: “ಒಳಗಳತೆ ಹೇಳ್ತಾ ಇದೀಯೋ, ಹೊರಗಳತೆಯೋ?” ಕೇಳಿಸಿಕೊಂಡ ಹುಡುಗರಿಗೆ ಅದು ಕಸುಬಿನವರ ರೂಢಿಯ ಮಾತೆನಿಸುತ್ತಿತ್ತು, ಆದರೆ ಇಡೀ ಶಾಸ್ತ್ರ ನಿಂತಿರುವುದು ಆ ಪ್ರಶ್ನೆಯ ಮೇಲೆಯೇ. ಒಳಗಳತೆ 28, 30, 36 ಸೆಂಟಿಮೀಟರ್ ಇರುವ ಪೆಟ್ಟಿಗೆಯಲ್ಲಿ ಸುಮಾರು 30 ಲೀಟರ್ ಗಾಳಿ ಹಿಡಿಯುತ್ತದೆ. ಅದೇ ಅಂಕಿಗಳನ್ನು ಹೊರಗಳತೆಯೆಂದು ತಿಳಿದು 18 ಮಿಲಿಮೀಟರಿನ ಪ್ಲೈವುಡ್ಡಿನಲ್ಲಿ ಕಟ್ಟಿದರೆ ಒಳಗೆ ಉಳಿಯುವುದು 21 ಲೀಟರಿಗೂ ಕಡಿಮೆ, ಅಂದರೆ ಮೂರನೇ ಒಂದು ಭಾಗದಷ್ಟು ಗಾಳಿ ಹಲಗೆಯ ದಪ್ಪಕ್ಕೇ ಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಪೆಟ್ಟಿಗೆಯ ಅಳತೆಯನ್ನು ನಿರ್ಧರಿಸುತ್ತಿದ್ದದ್ದು ಗೋಡೆಯ ಷೋಕೇಸಿನ ಖಾನೆ. ಟೀವಿಗೆಂದು ಬಿಟ್ಟ ಖಾನೆಯ ಎರಡು ಮಗ್ಗುಲಲ್ಲಿ ಎಷ್ಟು ಜಾಗ ಉಳಿದಿದೆಯೋ ಅಷ್ಟು ಅಗಲ, ಮೇಲಿನ ಹಲಗೆ ಎಲ್ಲಿದೆಯೋ ಅಷ್ಟು ಎತ್ತರ. ಎಂಟು ಇಂಚಿನ ವೂಫರನ್ನು ಪುಟ್ಟ ಡಬ್ಬದಲ್ಲಿ ತುರುಕಿದ್ದರಿಂದ ದನಿ ಬಿಗಿದು ಗುಮ್ಮೆನ್ನುತ್ತಿದ್ದಾಗ ದೂರು ಬೀಳುತ್ತಿದ್ದದ್ದು ಮಾತ್ರ ಸ್ಪೀಕರಿನ ಮೇಲೆ, ಇಲ್ಲವೇ ಆಂಪ್ಲಿಫೈಯರಿನ ಮೇಲೆ. ಖಾನೆಯನ್ನು ಯಾರೂ ದೂರಲಿಲ್ಲ.

ಲೆಕ್ಕ ತಪ್ಪಿದ್ದನ್ನು ಸರಿಪಡಿಸುವ ಒಂದು ದಾರಿಯನ್ನು ಅಡಿಕೆ ತೋಟಗಳೇ ಒದಗಿಸಿದವು. ಗಾಳಿತೂತಿನ ಪೆಟ್ಟಿಗೆಯಲ್ಲಿ ತೂತಿಗೆ ಒಳಗಿನಿಂದ ಒಂದು ಕೊಳವೆಯನ್ನು ಜೋಡಿಸುತ್ತಾರೆ. ಕೊಳವೆಯೊಳಗಿನ ಗಾಳಿ ಒಂದು ತೂಕವಾಗಿ, ಪೆಟ್ಟಿಗೆಯೊಳಗಿನ ಗಾಳಿ ಒಂದು ಸ್ಪ್ರಿಂಗಾಗಿ ವರ್ತಿಸಿ, ಎರಡೂ ಸೇರಿ ಒಂದು ನಿಶ್ಚಿತ ಸ್ವರಕ್ಕೆ ತೂಗುತ್ತವೆ. ಬಾಯಿ ಕಿರಿದಾದ ಬಿಂದಿಗೆಯೊಳಗೆ ಊದಿದಾಗ ಬರುವ ದನಿಯ ತತ್ತ್ವವೂ ಇದೇ, ಇದನ್ನು ಶಾಸ್ತ್ರದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್‌ನ ಹೆಸರಿನಿಂದ ಕರೆಯುತ್ತಾರೆ. ಬೋರ್‌ವೆಲ್ ನೀರನ್ನು ತೋಟಕ್ಕೆ ಹಾಯಿಸಲು ತಂದ ಪಿ.ವಿ.ಸಿ. ಪೈಪಿನ ತುಂಡುಗಳಿಗೆ ಯಾವ ಮನೆಯಲ್ಲೂ ಕೊರತೆಯಿರಲಿಲ್ಲ. 30 ಲೀಟರಿನ ಪೆಟ್ಟಿಗೆಗೆ ಒಳವ್ಯಾಸ 7 ಸೆಂಟಿಮೀಟರಿನ ಪೈಪನ್ನು 15 ಸೆಂಟಿಮೀಟರ್ ಉದ್ದ ಬಿಟ್ಟರೆ ಅದು ಸುಮಾರು 44 ಹರ್ಟ್ಸ್‌ಗೆ ತೂಗುತ್ತದೆ, 10 ಸೆಂಟಿಮೀಟರಿಗೆ ಕತ್ತರಿಸಿದರೆ 50 ದಾಟುತ್ತದೆ. ಸೂತ್ರ ತಿಳಿಯದಿದ್ದವರು ಪೈಪನ್ನು ಉದ್ದವಾಗಿಯೇ ಇಟ್ಟು, ಹಾಡು ಹಾಕಿ ಕೇಳಿ, ಗರಗಸದಿಂದ ಬೆರಳಗಲ ಬೆರಳಗಲ ಕೊಯ್ಯುತ್ತ ಕಿವಿಗೆ ಒಪ್ಪುವಲ್ಲಿ ನಿಲ್ಲಿಸುತ್ತಿದ್ದರು. ಇದು ಶಾಸ್ತ್ರಕ್ಕೆ ವಿರುದ್ಧವಾದ ಕ್ರಮವೇನಲ್ಲ. ಕಂಪನಿಗಳೂ ಕೊನೆಯ ಹಂತದಲ್ಲಿ ಹೀಗೆಯೇ ಕೇಳಿ ತೀರ್ಮಾನಿಸುತ್ತವೆ. ತೂತಿಗೆ ಸೊಳ್ಳೆಪರದೆಯ ತುಂಡನ್ನೋ ತಂತಿಜಾಲರಿಯನ್ನೋ ಹೊಡೆಯುವುದನ್ನು ಮರೆತವರ ಪೆಟ್ಟಿಗೆಯೊಳಗೆ ಇಲಿಗಳು ಸಂಸಾರ ಹೂಡಿ ಶಂಕುವಿನ ಕಾಗದವನ್ನು ಮೇದದ್ದು ಯಾವ ಪಠ್ಯಪುಸ್ತಕದಲ್ಲೂ ಬಾರದ ಅಧ್ಯಾಯ.

ಪೆಟ್ಟಿಗೆಯ ಒಳಮೈಗೆ ಮೆತ್ತನೆಯ ವಸ್ತುವನ್ನು ಹೊದಿಸುವುದು ಒಳಗಿನ ಪ್ರತಿಧ್ವನಿಯನ್ನು ತಗ್ಗಿಸಲು. ಹೊರದೇಶದವರು ಗಾಜಿನೆಳೆ, ಪಾಲಿಯೆಸ್ಟರ್ ಹತ್ತಿ, ಕುರಿಯ ಉಣ್ಣೆ ಇವುಗಳನ್ನು ಬಳಸುತ್ತ ಬಂದಿದ್ದಾರೆ, ಅವರಲ್ಲಿ ಉಣ್ಣೆಯನ್ನು ಅತ್ಯುತ್ತಮವೆಂದು ಎಣಿಸುವವರು ಈಗಲೂ ಬಹಳ. ಕುರಿಮಂದೆಗಳು ಬೀದಿಯಲ್ಲೇ ಹಾದುಹೋಗುವ, ಕಂಬಳಿ ನೇಯ್ಗೆಯ ಪರಿಚಯವಿರುವ ಬಯಲುಸೀಮೆಯಲ್ಲಿ ಆ ಉತ್ತಮ ವಸ್ತು ಕೈಯಳತೆಯಲ್ಲೇ ಇತ್ತು. ಹರಿದ ಕರಿಕಂಬಳಿಯನ್ನು ಕತ್ತರಿಸಿ ಒಳಗೋಡೆಗೆ ಹೊಡೆದ ಪೆಟ್ಟಿಗೆಗಳ ಮಾತಿನ ದನಿ ನಿಚ್ಚಳವಾಗಿತ್ತೆಂದು ಖಂಡಿತವಾಗಿ ಹೇಳಬಹುದು. ತೆಂಗಿನ ನಾರನ್ನು ತುಂಬಿದವರೂ ಉಂಟು. ಅದು ಅಗ್ಗ, ಆದರೆ ಅದರ ಧೂಳು ತಂತಿಸುರುಳಿಯ ಸಂದಿಗೆ ಇಳಿದು ಕರಕರ ಎನ್ನುತ್ತದೆ, ಆದ್ದರಿಂದ ತೆಳುಬಟ್ಟೆಯ ಚೀಲದಲ್ಲಿ ಹೊಲಿದು ಇಡಬೇಕಾಗುತ್ತದೆ.

ವೂಫರಿಗೂ ಟ್ವೀಟರಿಗೂ ದನಿಯನ್ನು ಹಂಚುವ ಕ್ರಾಸ್‌ಓವರ್ ಎಂಬ ಚಿಕ್ಕ ಮಂಡಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟ್ವೀಟರಿನ ಸಾಲಿನಲ್ಲಿ ಒಂದು ಕೆಪಾಸಿಟರ್ ಇದ್ದರೆ ಅದು ದಪ್ಪ ದನಿಯನ್ನು ತಡೆಯುತ್ತದೆ, 8 ಓಮಿನ ಟ್ವೀಟರಿಗೆ 4.7 ಮೈಕ್ರೊಫ್ಯಾರಡ್ ಹಾಕಿದರೆ ಹಂಚಿಕೆ ಸುಮಾರು 4,200 ಹರ್ಟ್ಸ್‌ನಲ್ಲಿ ಆಗುತ್ತದೆ. ವೂಫರಿನ ಸಾಲಿನ ತಂತಿಸುರುಳಿ ಇದರ ತಿರುಗುಮುರುಗಾದ ಕೆಲಸ ಮಾಡುತ್ತದೆ. ಆ ಸುರುಳಿಗೆ ಬೇಕಾದ ಎನಾಮಲ್ ಲೇಪದ ತಾಮ್ರದ ತಂತಿ, ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಮರುಸುತ್ತು ಹಾಕುವ ವೈಂಡಿಂಗ್ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತಿತ್ತು. ಬೇಸಿಗೆಯಲ್ಲಿ ವೋಲ್ಟೇಜ್ ಕುಸಿದು ಮೋಟಾರುಗಳು ಸಾಲುಸಾಲಾಗಿ ಸುಡುತ್ತಿದ್ದ ಸೀಮೆಯಾದ್ದರಿಂದ ಅಂಥ ಅಂಗಡಿಗಳಿಗೂ ಬರವಿರಲಿಲ್ಲ.

ಇಷ್ಟೆಲ್ಲ ಆದಮೇಲೆ ಪೆಟ್ಟಿಗೆಗೆ ಮೆರುಗು ಕೊಡುವ ಹಂತ. ಕೇಳುವ ದನಿಗೂ ಮೇಲಿನ ಪಾಲಿಷಿಗೂ ಸಂಬಂಧ ಬಹಳ ಕಡಿಮೆ, ಆದರೂ ಪೆಟ್ಟಿಗೆ ಪಡಸಾಲೆಯಲ್ಲಿ ಉಳಿಯುವುದೋ ಅಟ್ಟಕ್ಕೆ ಹೋಗುವುದೋ ಎಂಬುದನ್ನು ಮನೆಯ ಹೆಂಗಸರು ತೀರ್ಮಾನಿಸುತ್ತಿದ್ದದ್ದು ಅದರಿಂದಲೇ, ಆ ತೀರ್ಮಾನ ನ್ಯಾಯವಾದದ್ದೂ ಹೌದು. ಮೊದಲು ಹತ್ತರಿ ಹಿಡಿದು ಅಂಚುಗಳನ್ನು ಸಮಮಾಡಿ, ಮರಳುಕಾಗದದಿಂದ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. 80ರ ಒರಟು ಕಾಗದದಿಂದ ಹಿಡಿದು 120, 220 ಎಂದು ನಯವಾದದ್ದಕ್ಕೆ ಇಳಿಯಬೇಕು. ಅಡ್ಡಕ್ಕೆ ಉಜ್ಜಿದ ಗೀರು ಬರಿಯ ಮರದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಬಣ್ಣ ಬಿದ್ದೊಡನೆ ಕಪ್ಪು ಗೆರೆಯಾಗಿ ಎದ್ದು ನಿಲ್ಲುತ್ತದೆ. ಅನಂತರ ಸೀಮೆಸುಣ್ಣದ ಪುಡಿಗೆ ಮರದ ಬಣ್ಣಕ್ಕೆ ಹೊಂದುವಷ್ಟು ಕಾವಿಯನ್ನು ಬೆರೆಸಿ ಮರದ ರಂಧ್ರಗಳಿಗೆ ತಿಕ್ಕಿ ತುಂಬಿ, ಒಣಗಿದ ಮೇಲೆ ಹೆಚ್ಚಾದದ್ದನ್ನು ಉಜ್ಜಿ ತೆಗೆಯಬೇಕು. ಆಮೇಲೆ ಬರುವುದು ಫ್ರೆಂಚ್ ಪಾಲಿಷ್.

ಫ್ರೆಂಚ್ ಪಾಲಿಷ್ ಎಂದರೆ ಅರಗಿನ ಲೇಪ. ಮುತ್ತುಗ, ಬೋರೆ ಮುಂತಾದ ಮರಗಳ ಮೇಲೆ ಬದುಕುವ ಪುಟ್ಟ ಕೀಟವೊಂದು ಸ್ರವಿಸುವ ಅರಗನ್ನು ಶುದ್ಧಿಮಾಡಿ ತೆಳುಚಕ್ಕೆಗಳಾಗಿ ಮಾರುತ್ತಾರೆ. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಇದೇ ಕೀಟದ ಕೊಡುಗೆ. ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ರಾತ್ರಿ ನೆನೆಹಾಕಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಹತ್ತಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಉಂಡೆ ಕಟ್ಟಿ ಅದಕ್ಕೆ ಕುಡಿಸಿ, ಹಲಗೆಯ ಮೇಲೆ ಸುತ್ತುಸುತ್ತಾಗಿ ಕೈ ನಿಲ್ಲಿಸದೆ ಓಡಿಸಬೇಕು. ಕೈ ಒಂದು ಕ್ಷಣ ನಿಂತರೆ ಒಣಗಿದ್ದ ಪದರವೂ ಕರಗಿ ಉಂಡೆಗೆ ಅಂಟಿಕೊಂಡು ಬರುತ್ತದೆ. ಒಂದೊಂದೂ ಕೂದಲೆಳೆಗಿಂತ ತೆಳುವಾದ ಪದರಗಳು ದಿನಗಟ್ಟಲೆ ಒಂದರ ಮೇಲೊಂದು ಕೂತು, ಕೊನೆಗೆ ಹಲಗೆಯ ಎಳೆ ನೀರಿನಡಿಯಲ್ಲಿದ್ದಂತೆ ಕಾಣತೊಡಗುತ್ತದೆ. ತೇವದ ಹವೆಯಲ್ಲಿ ಈ ಕೆಲಸ ಕೂಡದು, ಏಕೆಂದರೆ ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿದು ಪಾಲಿಷ್ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಆ ದೃಷ್ಟಿಯಿಂದ ಮಳೆ ಕಡಿಮೆಯೆಂದು ಸದಾ ಕೊರಗುವ ಪಂಚನಹಳ್ಳಿಯ ಹವೆ, ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಯಾವ ಊರಿಗಿಂತಲೂ ಪಾಲಿಷ್ ಕೆಲಸಕ್ಕೆ ಅನುಕೂಲ. ಬಿಸಿ ಲೋಟ ಇಟ್ಟರೆ ಕಲೆ, ನೀರು ಚೆಲ್ಲಿದರೆ ಕಲೆ ಎಂಬ ದೋಷ ಅರಗಿಗಿದೆ, ಆದರೆ ಕಲೆಯಾದ ಜಾಗಕ್ಕಷ್ಟೇ ಮತ್ತೆ ಉಂಡೆ ಓಡಿಸಿ ಹೊಸದಾಗಿಸಬಹುದಾದ ಗುಣ, ಮುಂದೆ ಬಂದ ಮೆಲಮೈನ್, ಪಿ.ಯು. ಲೇಪಗಳಿಗೆ ಇಲ್ಲ. ಇವೆಲ್ಲ ಬೇಡವೆಂದವರು ಸನ್‌ಮೈಕಾ ಅಂಟಿಸಿದರು. ಅದು ಗಟ್ಟಿ, ಒರೆಸಲು ಸುಲಭ, ನೋಡಲು ಹೋಟೆಲಿನ ಟೇಬಲ್ಲು.

ಮುಂಬದಿಯ ಬಟ್ಟೆಗೆ ಒಂದೇ ನಿಯಮ: ತುಟಿಗೆ ಹಿಡಿದು ಊದಿದರೆ ಉಸಿರು ಸಲೀಸಾಗಿ ದಾಟಬೇಕು. ಹಳೆಯ ನೈಲೆಕ್ಸ್ ಸೀರೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿತ್ತು, ಪರದೆಯ ದಪ್ಪಬಟ್ಟೆ ಆಗುತ್ತಿರಲಿಲ್ಲ.

ಹೋಮ್ ಥಿಯೇಟರ್ ಎಂಬುದು ಈ ಕಸುಬಿನ ಕೊನೆಯ ಅಧ್ಯಾಯ. ಸಿನಿಮಾ ಮಂದಿರಗಳಿಗೆ 1992ರಲ್ಲಿ ಬಂದ ಡಾಲ್ಬಿ ಡಿಜಿಟಲ್ ಪದ್ಧತಿಯಲ್ಲಿ ಎದುರಿಗೆ ಮೂರು, ಮಗ್ಗುಲು ಹಿಂಬದಿಗೆ ಎರಡು, ಗುಡುಗು ಸಿಡಿಲಿನಂಥ ಆಳದ ದನಿಗೆಂದೇ ಇನ್ನೊಂದು ಹೀಗೆ ದನಿಯ ಹಾದಿಗಳಿದ್ದವು. ಆ ಕೊನೆಯದು 120 ಹರ್ಟ್ಸ್‌ಗಿಂತ ಕೆಳಗಿನದನ್ನಷ್ಟೇ ಹೊರುವುದರಿಂದ ಅದನ್ನು ಪೂರ್ಣ ಹಾದಿಯೆಂದು ಎಣಿಸದೆ 5.1 ಎಂದು ಬರೆದರು. ಡಿ.ವಿ.ಡಿ.ಗಳ ಜೊತೆ ಇದು ಮನೆಗಳಿಗೂ ಬಂದಾಗ, ಪಂಚನಹಳ್ಳಿ ಸೀಮೆಯಲ್ಲಿ ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಒಂದೊಂದು ಮನೆಯವರು ಆರು ಪೆಟ್ಟಿಗೆಗಳಿಗೆ ಹಲಗೆ ಕೊಯ್ಯಿಸಿದರು. ಎದುರಿನ ನಡುವಿನ ಪೆಟ್ಟಿಗೆ ಪಾತ್ರಗಳ ಮಾತನ್ನು ಹೊರುವುದರಿಂದ ಅದೇ ಎಲ್ಲಕ್ಕಿಂತ ಮುಖ್ಯ. ವಿಪರ್ಯಾಸವೆಂದರೆ ಟೀವಿಯ ಮೇಲೆ ಕೂರಬೇಕೆಂಬ ಕಾರಣಕ್ಕೆ ಎಲ್ಲಕ್ಕಿಂತ ಪುಟ್ಟದಾಗಿ, ಅಗ್ಗದ ಸ್ಪೀಕರಿನಿಂದ ಮಾಡಿಸಿದ್ದೂ ಅದನ್ನೇ. ಹಾಗೆ ಇಟ್ಟಾಗ ಸ್ಪೀಕರಿನ ಅಯಸ್ಕಾಂತ ಆಗಿನ ಗಾಜಿನ ಕೊಳವೆಯ ಟೀವಿಯ ಬಣ್ಣಗಳನ್ನು ಎಳೆದು ಒಂದು ಮೂಲೆಯನ್ನು ಹಸುರೋ ನೇರಳೆಯೋ ಮಾಡುತ್ತಿತ್ತು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ದನಿ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಕಿವಿ ಗುರುತಿಸಲಾರದಾದ್ದರಿಂದ ಸಬ್‌ವೂಫರಿನ ದೊಡ್ಡ ಪೆಟ್ಟಿಗೆಯನ್ನು ಮಾತ್ರ ಎಲ್ಲಿ ಬೇಕಾದರೂ ಇಡಬಹುದಿತ್ತು, ಮತ್ತು ಅದು ಬಹುತೇಕ ಮನೆಗಳಲ್ಲಿ ಟೆಲಿಫೋನು ಇಡುವ ಪೀಠವಾಯಿತು.

ಪೆಟ್ಟಿಗೆಗಿಂತ ಕೋಣೆಯೇ ದನಿಯನ್ನು ಹೆಚ್ಚು ಕೆಡಿಸಬಲ್ಲದು ಎಂಬುದು ಆರ್.ಸಿ.ಸಿ. ಮನೆಗಳು ಬಂದಮೇಲೆ ಗೊತ್ತಾಯಿತು. ಮಂಗಳೂರು ಹೆಂಚು, ಮರದ ಜಂತೆ, ಕೊಬ್ಬರಿಗೆಂದು ಅಟ್ಟದ ತುಂಬ ಹರಡಿದ ತೆಂಗಿನಕಾಯಿ ಇರುವ ಹಳೆಯ ಮನೆಗಳಲ್ಲಿ ದನಿ ಚದುರಿ ಹದವಾಗಿ ಕೇಳುತ್ತಿತ್ತು. ಹತ್ತಕ್ಕೆ ಹನ್ನೆರಡು ಅಡಿಯ, ನಾಲ್ಕೂ ಕಡೆ ಗಾರೆ ಗೋಡೆಯ ಕೋಣೆಯಲ್ಲಿ ಉದ್ದಕ್ಕೆ 47, ಅಗಲಕ್ಕೆ 57 ಹರ್ಟ್ಸ್ ಆಸುಪಾಸಿನ ಸ್ವರಗಳು ಗೋಡೆಯಿಂದ ಗೋಡೆಗೆ ಪುಟಿದು ನಿಂತು, ಮಧ್ಯದಲ್ಲಿ ಕೂತವನಿಗೆ ಕೇಳದೆ ಮೂಲೆಯಲ್ಲಿ ಕೂತವನ ಎದೆ ನಡುಗಿಸುತ್ತವೆ. ಆಗ ಪೆಟ್ಟಿಗೆಯನ್ನು ಒಡೆದು ಮತ್ತೆ ಕಟ್ಟಿದವರೂ ಇದ್ದರು. ಅವರಿಗೆ ಬೇಕಾಗಿದ್ದದ್ದು ಪೆಟ್ಟಿಗೆಯನ್ನು ಮೂಲೆಯಿಂದ ಎರಡು ಮೊಳ ಸರಿಸುವುದಷ್ಟೇ.

2010ರ ಈಚೆಗೆ ಕಡ್ಡಿಯಷ್ಟು ಸಣ್ಣಗಿನ ಸೌಂಡ್‌ಬಾರುಗಳೂ ಪ್ಲಾಸ್ಟಿಕ್ ಮೈಯ ತಯಾರಿ ಸೆಟ್ಟುಗಳೂ ಬಂದು, ಪೆಟ್ಟಿಗೆ ಮಾಡಿಸುವವರು ಇಲ್ಲವಾದರು. ಆಚಾರ್ರ ಮಕ್ಕಳು ಮಾಡ್ಯುಲರ್ ಅಡುಗೆಮನೆಯ ಕೆಲಸಕ್ಕೆ ಪಟ್ಟಣ ಹಿಡಿದರು. ಉಳಿದಿರುವ ಹಳೆಯ ಪೆಟ್ಟಿಗೆಗಳು ಗುಜರಿಗೆ ಹೋಗುತ್ತಿರುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ವೂಫರಿನ ಶಂಕುವಿಗೂ ಚೌಕಟ್ಟಿಗೂ ನಡುವೆ ಇರುವ ಸ್ಪಂಜಿನ ಉಂಗುರ ಕೆಲವು ವರ್ಷಗಳಲ್ಲಿ ತಾನಾಗಿ ಪುಡಿಯಾಗಿ ದನಿ ಹರಿದಂತಾಗುತ್ತದೆ, ಮನೆಯವರು ಇಡೀ ಪೆಟ್ಟಿಗೆಯೇ ಹಾಳಾಯಿತೆಂದು ತಿಳಿಯುತ್ತಾರೆ. ಆ ಉಂಗುರ ಬೇರೆಯಾಗಿ ಸಿಗುತ್ತದೆ, ರಬ್ಬರಿನದು ಸಿಕ್ಕರೆ ಬಹುಕಾಲ ಬಾಳುತ್ತದೆ. ಅಟ್ಟದಲ್ಲಿ ಅಂಥ ಜೊತೆಯೊಂದಿದ್ದವರು ಅದನ್ನು ತೂಕಕ್ಕೆ ಹಾಕುವ ಮೊದಲು ವೂಫರಿನ ತಿರುಪುಗಳನ್ನು ಬಿಚ್ಚಿ, ಒಳಗಿನ ಕಚ್ಚು ಬಿಗಿಯಾಗಿದೆಯೇ, ಗೆದ್ದಲು ಹತ್ತಿಲ್ಲವೇ ಎಂದು ಒಮ್ಮೆ ನೋಡಬೇಕು. ಹಲಗೆ ಗಟ್ಟಿಯಾಗಿದ್ದರೆ ಒಳಗಳತೆ ಹಿಡಿದು ಎಷ್ಟು ಲೀಟರ್ ಎಂದು ಲೆಕ್ಕ ಹಾಕಿ, ಅದಕ್ಕೆ ಹೊಂದುವ ಸ್ಪೀಕರನ್ನು ತಂದು ಕೂರಿಸಬೇಕು. ಆಗ ಸಿಗದಿದ್ದ ಆ ಮೂರು ಅಂಕಿಗಳನ್ನು ಈಗ ಒಳ್ಳೆಯ ತಯಾರಕರೆಲ್ಲ ಸ್ಪೀಕರಿನ ಜೊತೆಗೇ ಕೊಡುತ್ತಾರೆ.